ಸ್ಕೌಟ್ಸ್–ಗೈಡ್ಸ್ ಜೋಡಿ ದಳ ಕಟ್ಟಬೇಕೆ? ಮೊದಲು ಕ್ಯಾಪ್ಟನ್ ಹುಡುಕಿ

‘ಈ ವರ್ಷ ಹುಡುಗರದ್ದು ಶುರು ಮಾಡೋಣ, ಹುಡುಗಿಯರದ್ದು ಮುಂದಿನ ವರ್ಷ ನೋಡೋಣ.’ ಶಾಲೆಯಲ್ಲಿ ಸ್ಕೌಟ್ಸ್ (ಹುಡುಗರ ದಳ), ಗೈಡ್ಸ್ (ಹುಡುಗಿಯರ ದಳ) ಕಟ್ಟುವಾಗ ಇಂಥ ಮಾತಾದರೆ ಆ ಮುಂದಿನ ವರ್ಷ ಬರುವುದು ಕಷ್ಟ. ಆದ್ದರಿಂದ ಕೆಲಸವನ್ನು ಹುಡುಗಿಯರ ಕಡೆಯಿಂದಲೇ ಶುರು ಮಾಡಿ. ಗೈಡ್ ಕ್ಯಾಪ್ಟನ್ (ಗೈಡ್ಸ್ ದಳ ನಡೆಸುವವರು) ಆಗಲು ಒಪ್ಪುವ ಒಬ್ಬ ಟೀಚರನ್ನು ಮೊದಲು ಹುಡುಕಿ. ಸ್ಕೌಟ್ ಮಾಸ್ಟರ್ ಹೇಗೂ ಸಿಗುತ್ತಾರೆ, ಪಿ.ಇ. ಮೇಷ್ಟ್ರು ಇದ್ದಾರಲ್ಲ!

ಇಬ್ಬರೂ ಸಿಕ್ಕ ಮೇಲೆ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್‌ನ ಹಾಸನ ಜಿಲ್ಲಾ ಸಂಸ್ಥೆಯಲ್ಲಿ ಅವರ ಬೇಸಿಕ್ ಕೋರ್ಸ್ (ಮೊದಲ ತರಬೇತಿ) ಮತ್ತು ದಳದ ನೋಂದಣಿಯ ವಿಷಯ ವಿಚಾರಿಸಿ. 1950ರಲ್ಲಿ ಸ್ಕೌಟ್ ಸಂಸ್ಥೆಗಳು ಒಂದಾದವು, 1951ರಲ್ಲಿ ಗೈಡ್ಸ್ ಸೇರಿಕೊಂಡರು. ಅಂದಿನಿಂದ ಸಂಸ್ಥೆ ಒಂದೇ, ದಳ ಮಾತ್ರ ಬೇರೆ ಬೇರೆ.

10 ವರ್ಷ ತುಂಬಿದ ಮಕ್ಕಳನ್ನು ಸೇರಿಸಿಕೊಳ್ಳಿ. ಅದಕ್ಕಿಂತ ಚಿಕ್ಕ ಹುಡುಗರಿಗೆ ಕಬ್, ಹುಡುಗಿಯರಿಗೆ ಬುಲ್‌ಬುಲ್ ದಳಗಳಿವೆ. ಆರೆಂಟು ಮಕ್ಕಳಿಗೆ ಒಂದು ಪೆಟ್ರೋಲ್ (ಪುಟ್ಟ ತಂಡ), ಅದಕ್ಕೊಬ್ಬ ಲೀಡರ್. ಸ್ಕೌಟ್ಸ್ ಪೆಟ್ರೋಲ್‌ಗೆ ಪ್ರಾಣಿ, ಪಕ್ಷಿಯ ಹೆಸರು, ಗೈಡ್ಸ್‌ಗೆ ಹೂವಿನದು. ಹೆಸರನ್ನು ಮಕ್ಕಳೇ ಆರಿಸಲಿ. ಸಕಲೇಶಪುರದ ಕಡೆ ‘ಆನೆ’ಗೆ ಜಗಳ ಬಿದ್ದರೂ ಬೀಳಬಹುದು.

ವಾರಕ್ಕೊಂದು ಸಭೆ, ಒಂದೇ ದಿನ, ಒಂದೇ ಮೈದಾನ. ಧ್ವಜ, ಪ್ರಾರ್ಥನೆ ಒಟ್ಟಿಗೆ. ಆಮೇಲೆ ಎರಡು ದಳಕ್ಕೂ ಬೇರೆ ಬೇರೆ ಕಡೆ ಪಾಠ, ಕೊನೆಗೆ ಆಟಕ್ಕೆ ಮತ್ತೆ ಒಟ್ಟಿಗೆ. ಆದರೆ ಪಾಠ ಎರಡು ಕಡೆಯೂ ಒಂದೇ ಇರಲಿ. ಹುಡುಗರಿಗೆ ಹಗ್ಗ, ಹುಡುಗಿಯರಿಗೆ ರಂಗೋಲಿ ಅಂತ ಹಂಚಿದರೆ ಗೈಡಿಂಗ್ ಅಲ್ಲಿಗೇ ಮುಗಿಯಿತು. ಮೊದಲ ದಿನ ಕ್ಲೋವ್ ಹಿಚ್ ಎಂಬ ಗಂಟು ಕಲಿಸಿ: ಹಗ್ಗವನ್ನು ಕಂಬಕ್ಕೆ ಒಂದು ಸುತ್ತು ಹಾಕಿ, ತುದಿಯನ್ನು ಆ ಸುತ್ತಿನ ಮೇಲೆ ಅಡ್ಡ ಹಾಯಿಸಿ, ಇನ್ನೊಂದು ಸುತ್ತು ಹಾಕಿ, ಎರಡನೇ ಸುತ್ತಿನ ಅಡಿಯಿಂದ ತೂರಿಸಿ ಎಳೆಯಿರಿ. ಗಂಟಿನ ಮೇಲೆ ಹಗ್ಗ ಓರೆಗೆರೆಯಂತೆ ಕಾಣಬೇಕು. ಟೆಂಟ್, ಬೇಲಿ ಎಲ್ಲಕ್ಕೂ ಈ ಗಂಟು ಬೇಕು.

ಸಂಜೆ ಬಸ್ಸಿನ ಹೊತ್ತು ನೋಡಿ ಸಭೆ ಮುಗಿಸಿ. ಕಾಡಾನೆ ಓಡಾಡುವ ಊರಲ್ಲಿ ಇದು ಸುಮ್ನೆ ಹೇಳುವ ಮಾತಲ್ಲ.

ಮೊದಲ ಹೈಕ್‌ಗೆ ಸಕಲೇಶಪುರದ ಹತ್ತಿರದ ಮಂಜರಾಬಾದ್ ಕೋಟೆ ಚೆನ್ನಾಗಿದೆ. ಎಂಟು ಮೂಲೆಯ ನಕ್ಷತ್ರದಂತೆ ಕಟ್ಟಿದ ಕೋಟೆ, ದಿಕ್ಸೂಚಿ ಹಿಡಿದು ನಕ್ಷೆ ಬರೆಯಲು ಹೇಳಿ ಮಾಡಿಸಿದ ಜಾಗ. ಮಳೆಗಾಲ ಬೇಡ, ಇಂಬಳ (ಜಿಗಣೆ) ಜಾಸ್ತಿ. ಪೋಷಕರ ಒಪ್ಪಿಗೆ ಪತ್ರ ಮೊದಲೇ ತೆಗೆದುಕೊಳ್ಳಿ. ಅವತ್ತು ಕ್ಯಾಪ್ಟನ್ ರಜೆ ಅಂದರೆ ಹುಡುಗರನ್ನಷ್ಟೇ ಕರೆದುಕೊಂಡು ಹೊರಡಬೇಡಿ. ಇಬ್ಬರ ಹೈಕನ್ನೂ ಮುಂದಕ್ಕೆ ಹಾಕಿ.