ಪಾಲಿಸಿ ಓದಿ ಅಲಾರಂ ಆರಿಸಿದ ಅನುಭವ

ಇಳಕಲ್‌ನ ನಮ್ಮ ಸೀರೆ ಅಂಗಡಿಗೂ ಬಾಗಲಕೋಟೆ ನವನಗರದ ಮನೆಗೂ ಅಲಾರಂ ಕೂಡ್ರಿಸುವಾಗ ನಾನು ಕ್ಯಾಟಲಾಗ್ ತೆರೆಯುವ ಮೊದಲೇ ಬರ್ಗ್ಲರಿ ಪಾಲಿಸಿಯ (ಕನ್ನಗಳವಿನ ವಿಮೆಯ) ಷರತ್ತುಗಳನ್ನು ಸಾಲು ಸಾಲಾಗಿ ಓದಿದೆ. ನಾಲ್ಕು ಕ್ಯಾಮೆರಾ ಸಾಕು ಎಂದು ಪೇಟೆಯ ವ್ಯಾಪಾರಸ್ಥರು ಹೇಳಿದರು. ಅಲಾರಂನಿಂದ ಪ್ರೀಮಿಯಂ ಹೆಚ್ಚೇನೂ ಇಳಿಯದು ಎಂದು ಏಜೆಂಟರು ನಿರುತ್ಸಾಹ ತೋರಿದರು. ಕಳೆದ ಮಳೆಗಾಲದ ಒಂದು ರಾತ್ರಿ ಹಿಂಬದಿಯ ಶಟರನ್ನು ಹಾರೆಯಿಂದ ಮೀಟಿ ಒಳನುಗ್ಗಿದವರು ಸೈರನ್ ಕೂಗುತ್ತಲೇ ಕೈಗೆ ಸಿಕ್ಕ ಸೀರೆಗಳೊಂದಿಗೆ ಓಡಿದರು. ಸುಮಾರು 1 ಲಕ್ಷ 80 ಸಾವಿರ ರೂಪಾಯಿಯ ಮಾಲು ಹೋಗಿತ್ತು. ಕ್ಲೇಮ್ ಮಂಜೂರಾದ ಮೇಲೆ ಅದೇ ವ್ಯಾಪಾರಸ್ಥರು ನನ್ನ ಅಲಾರಂನ ಪ್ಯಾನೆಲ್ (ನಿಯಂತ್ರಣ ಪೆಟ್ಟಿಗೆ) ನೋಡಲು ಬರುತ್ತಿದ್ದಾರೆ.

ಬರ್ಗ್ಲರಿ ಪಾಲಿಸಿ ಹಣ ಕೊಡುವುದು ಬಲಪ್ರಯೋಗದಿಂದ ಒಳನುಗ್ಗಿ ಅಥವಾ ಹೊರಬಿದ್ದು ಮಾಡಿದ ಕಳ್ಳತನಕ್ಕೆ. ಬಲಪ್ರಯೋಗವಿಲ್ಲದ ಕಳ್ಳತನ ಇಂಥ ಪಾಲಿಸಿಯೊಳಗೆ ಬರುವುದಿಲ್ಲವೆಂದು ಹರ್‌ಚಂದ್ ರಾಯ್ ಚಂದನ್ ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲೇ ತೀರ್ಪಿತ್ತಿದೆ. ಆದ್ದರಿಂದ ಬಾಗಿಲು ಮುರಿಯುವ ಕ್ಷಣವನ್ನೇ ಹಿಡಿದು, ಗಂಟೆ ನಿಮಿಷದೊಂದಿಗೆ ದಾಖಲಿಸಿಕೊಳ್ಳುವ ಅಲಾರಂ ನನಗೆ ಬೇಕಾಗಿತ್ತು. ಮೊದಲ ದುಡ್ಡು ಶಟರ್ ತೆರೆದರೆ ಗುರುತಿಸುವ ಕಾಂಟ್ಯಾಕ್ಟಿಗೆ ಮತ್ತು ಚೌಕಟ್ಟಿನ ಅದುರು ಹಿಡಿಯುವ ವೈಬ್ರೇಷನ್ ಸೆನ್ಸರಿಗೆ ಹೋಯಿತು, ಮೈಯ ಶಾಖದಿಂದ ಚಲನೆ ಗುರುತಿಸುವ ಪಿಐಆರ್ ಸೆನ್ಸರ್ ಆಮೇಲೆ ಬಂತು. ಆ ರಾತ್ರಿಯ ದಾಖಲೆಯಲ್ಲಿ ವೈಬ್ರೇಷನ್ ಝೋನ್ (ಪ್ಯಾನೆಲ್‌ನಲ್ಲಿ ಆ ಸೆನ್ಸರಿನ ವಿಭಾಗ), ನಿಮಿಷದೊಳಗೆ ಶಟರ್ ಝೋನ್, ಅದರ ಬೆನ್ನಿಗೆ ಪಿಐಆರ್ ಹೀಗೆ ಅನುಕ್ರಮವಾಗಿ ಮೂಡಿದ್ದವು. ನಷ್ಟ ಅಂದಾಜಿಸಲು ಬಂದ ವಿಮಾ ಸರ್ವೇಯರ್ ಬಹಳ ಹೊತ್ತು ನೋಡಿದ್ದು ಆ ಮೂರು ಸಾಲುಗಳನ್ನೇ.

ವಿಮೆಗೆ ಅರ್ಜಿ ಹಾಕುವ ಪ್ರಪೋಸಲ್ ಫಾರ್ಮಿನಲ್ಲಿ ಅಲಾರಂ ಬಗ್ಗೆ ಬರೆದ ಮಾತು ಮುಂದೆ ಪಾಲಿಸಿಯ ವಾರಂಟಿಯಾಗಿ (ತಪ್ಪದೆ ನಡೆಸಬೇಕಾದ ಷರತ್ತಾಗಿ) ನಿಲ್ಲಬಹುದು. ದಿನದ 24 ಗಂಟೆಯೂ ನಿಗಾ ಇದೆ ಎಂದು ತುಂಬಲು ಏಜೆಂಟರು ಸೂಚಿಸಿದರೂ ನಾನು ಒಪ್ಪಲಿಲ್ಲ. ಅಂಗಡಿ ಮುಚ್ಚಿದಾಗಲೆಲ್ಲ ಅಲಾರಂ ಚಾಲನೆಯಲ್ಲಿರುತ್ತದೆ, ವಾರ್ಷಿಕ ನಿರ್ವಹಣೆಯ ಕರಾರು ಇದೆ ಎಂದಷ್ಟೇ ಬರೆದೆ. ಉಳಿಸಿಕೊಳ್ಳಲಾಗದ ಮಾತು ಬರೆದುಕೊಟ್ಟರೆ ಕ್ಲೇಮಿನ ಹೊತ್ತಿನಲ್ಲಿ ಅದೇ ಉರುಳಾಗುತ್ತದೆ.

ಉಪಕರಣಗಳು ಕೊಟ್ಟ ಕಾಟ ಕಡಿಮೆಯೇನಲ್ಲ. ಏಪ್ರಿಲ್‌ನ ಬಿಸಿಲಿಗೆ ತಗಡಿನ ಮಾಡಿನ ಕೆಳಗೆ ಕೋಣೆಯ ಉಷ್ಣತೆ ಮೈಯ ಉಷ್ಣತೆಯ ಸಮೀಪಕ್ಕೆ ಬಂದಾಗ ಅಗ್ಗದ ಪಿಐಆರ್ ಮನುಷ್ಯನನ್ನೇ ಗುರುತಿಸುತ್ತಿರಲಿಲ್ಲ. ಹುಡುಗನೊಬ್ಬನನ್ನು ನಸುಕಿನಲ್ಲೊಮ್ಮೆ, ಮಧ್ಯಾಹ್ನವೊಮ್ಮೆ ನಡೆಸಿ ನೋಡಿದೆ: ಬೆಳಿಗ್ಗೆ 10 ಮೀಟರ್ ದೂರದಿಂದ ಹಿಡಿದದ್ದು ಮಧ್ಯಾಹ್ನ 5-6 ಮೀಟರಿಗೆ ಇಳಿದಿತ್ತು. ತೂಗುಹಾಕಿದ ಸೀರೆಗಳ ಸೆರಗು ಕಿಟಕಿಯ ಗಾಳಿಗೆ ಅಲುಗಿದರೆ ಅದೇ ಸೆನ್ಸರ್ ಸುಳ್ಳು ಕೂಗು ಹಾಕುತ್ತಿತ್ತು. ಕೊನೆಗೆ ಪಿಐಆರ್ ಜೊತೆಗೆ ಮೈಕ್ರೋವೇವ್ ತರಂಗದಿಂದಲೂ ಚಲನೆ ಹಿಡಿಯುವ ಡ್ಯುಯಲ್ ಟೆಕ್ ಸೆನ್ಸರಿಗೆ ಹೋದೆ. ಒಂದಕ್ಕೆ ಸುಮಾರು 3 ಸಾವಿರ ಕೊಟ್ಟದ್ದು ಸಾರ್ಥಕವಾಯಿತು. ಸೆನ್ಸರಿನ ತಂತಿಯನ್ನು ಯಾರಾದರೂ ಕೆಡಿಸಿದರೆ ಪ್ಯಾನೆಲ್‌ಗೆ ತಿಳಿಯಲೆಂದು ಹಾಕುವ ರೆಸಿಸ್ಟರನ್ನು ಪ್ಯಾನೆಲ್ ಒಳಗೇ ತಿರುವಿ ಕೈತೊಳೆದುಕೊಂಡಿದ್ದ ಕೆಲಸವನ್ನು ಬಿಚ್ಚಿಸಿ, ಪ್ರತಿ ಸೆನ್ಸರಿನ ತುದಿಗೇ ಹಾಕಿಸಿದೆ.

ಬ್ಯಾಟರಿಯದ್ದು ಬೇರೆ ಕಥೆ. ಯುರೋಪಿನ ಇಎನ್ 50131 ಮಾನದಂಡದ ಗ್ರೇಡ್ 2 ಅಲಾರಂ ವಿದ್ಯುತ್ ಹೋದಾಗ 12 ಗಂಟೆ ನಡೆಯಬೇಕು. ನಮ್ಮ ಪಾಲಿಸಿ ಅದನ್ನು ಕೇಳಿರದಿದ್ದರೂ ನಾನು ಅದನ್ನೇ ಅಳತೆಗೋಲು ಮಾಡಿಕೊಂಡೆ. ಮೇನ್ಸ್ ಕಿತ್ತು ನೋಡಿದಾಗ ಹೊಸ 12 ವೋಲ್ಟ್ 7 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ಹೆಚ್ಚುಕಡಿಮೆ ಒಂದು ಹಗಲು ಒಂದು ರಾತ್ರಿ ತಾಳಿತು. ಎರಡು ಬೇಸಿಗೆ ಕಂಡದ್ದು 5-6 ಗಂಟೆಯಲ್ಲೇ ಕೈಚೆಲ್ಲಿತು. ಈಗ ಎರಡು ವರ್ಷಕ್ಕೊಮ್ಮೆ ಬದಲಿಸಿ, ರಸೀದಿಯನ್ನು ಪಾಲಿಸಿಯ ಫೈಲಿನಲ್ಲೇ ಇಡುತ್ತೇನೆ. ಅಂಗಡಿಗೆ ಒಟ್ಟು 30 ಸಾವಿರದ ಆಸುಪಾಸು ಖರ್ಚಾಯಿತು. ಎರಡನೆಯ ಸೈರನ್ ಎಲ್ಲಿದೆ, ಅದರ ತಂತಿ ಹೇಗೆ ಹೋಗಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಮನೆಯ ವಿಷಯದಲ್ಲಿ ಹಲವರು ಎಡವುವುದು ಭಾರತ್ ಗೃಹ ರಕ್ಷಾ ಇದ್ದರೆ ಸಾಕೆಂದು ನಂಬಿ. 2021ರ ಏಪ್ರಿಲ್ 1ರಿಂದ ಬಂದ ಆ ಪಾಲಿಸಿ ಮೂಲತಃ ಬೆಂಕಿ, ಪ್ರವಾಹದಂಥ ಅಪಾಯಗಳಿಗೆ. ಅಂಥ ಅವಘಡವಾದ 7 ದಿನಗಳೊಳಗೆ ಅದರಿಂದಾಗಿ ನಡೆದ ಕಳ್ಳತನ ಮಾತ್ರ ಅದರಲ್ಲಿ ಸೇರುತ್ತದೆ. ನಾನು ಬರ್ಗ್ಲರಿ ರಕ್ಷಣೆಯನ್ನು ಬೇರೆಯಾಗಿ ಪಡೆದು, ಮನೆ ಎಷ್ಟು ದಿನ ಸತತವಾಗಿ ಖಾಲಿ ಇರಬಹುದೆಂಬ ಷರತ್ತನ್ನು ಓದಿ, ದೂರದ ಊರಿಗೆ ಹೋಗುವ ಮೊದಲು ಕಂಪನಿಗೆ ಲಿಖಿತವಾಗಿ ತಿಳಿಸುತ್ತೇನೆ.

ಕ್ಲೇಮಿಗೆ ಎಫ್‌ಐಆರ್, ಸ್ಟಾಕ್ ರಿಜಿಸ್ಟರ್, ಮುರಿದ ಶಟರಿನ ಫೋಟೋ, ನಿರ್ವಹಣೆಯ ಚೀಟಿಗಳು, ಪ್ಯಾನೆಲ್‌ನ ದಾಖಲೆ ಎಲ್ಲವನ್ನೂ ಒಂದೇ ಕಡತದಲ್ಲಿ ಕೊಟ್ಟೆ. ಮೂರು ತಿಂಗಳೊಳಗೆ 1 ಲಕ್ಷ 55 ಸಾವಿರದಷ್ಟು ಬಂತು. ಕ್ಲೇಮಿನಷ್ಟು ವಿಮಾ ಮೊತ್ತ ಇಳಿದಿದ್ದರಿಂದ ಅದನ್ನು ಮೊದಲಿನಷ್ಟಕ್ಕೆ ತರಲು ಮರುಸ್ಥಾಪನೆಯ ಪ್ರೀಮಿಯಂ ಕಟ್ಟಿದೆ. ಹಿಂಬದಿಗೆ ಹೊಸ ಶಟರ್ ಬಂದ ದಿನವೇ ಕಾಂಟ್ಯಾಕ್ಟ್ ಕೂಡ್ರಿಸಿ, ಅದರ ಪರೀಕ್ಷೆಯನ್ನೂ ದಾಖಲೆಗೆ ಸೇರಿಸಿದ್ದೇನೆ.