ಲೇಹ್‌ನಿಂದ ಪೋರ್ಟ್ ಬ್ಲೇರ್‌ಗೆ ಎಷ್ಟು ದೂರ, ಎಷ್ಟು ತಾಸು?

ಗದಗಿನ ಪ್ರೌಢಶಾಲೆಯಲ್ಲಿ ಭೂಗೋಳ ಕಲಿಸುತ್ತೇನೆ. ಅಕ್ಷಾಂಶ, ರೇಖಾಂಶದ ಪಾಠ ಬಂತೆಂದರೆ ಎರಡು ವಿಮಾನ ನಿಲ್ದಾಣಗಳ ಹೆಸರನ್ನು ಬೋರ್ಡಿನ ಮೇಲೆ ಬರೆಯುತ್ತೇನೆ: ಲಡಾಖಿನ ಲೇಹ್, ಅಂಡಮಾನಿನ ಪೋರ್ಟ್ ಬ್ಲೇರ್ (2024ರಿಂದ ಶ್ರೀ ವಿಜಯಪುರಂ). ನಡುವೆ ಹಿಮಾಲಯವೂ ಇದೆ, ಬಂಗಾಳ ಕೊಲ್ಲಿಯೂ ಇದೆ. ಕಿಲೋಮೀಟರ್ ಕಲ್ಲು ಎಣಿಸುವ ಮಾತೇ ಇಲ್ಲ.

ಮೊದಲು ದಾರ. ಒಬ್ಬಳು ಗ್ಲೋಬಿನ ಮೇಲೆ ಲೇಹ್ ಇರುವಲ್ಲಿ ದಾರದ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿಯುತ್ತಾಳೆ, ಇನ್ನೊಬ್ಬಳು ಪೋರ್ಟ್ ಬ್ಲೇರ್ ಕಡೆ ಜಗ್ಗುತ್ತಾಳೆ. ಬಿಗಿಯಾದ ದಾರ ತಾನೇ ಸರಿದು ಅತಿ ಹತ್ತಿರದ ದಾರಿಗೆ ಬಂದು ಕೂಡುತ್ತದೆ. ನಮ್ಮ ಗ್ಲೋಬಿನ ವ್ಯಾಸ 30 ಸೆಂ.ಮೀ.; ಅಂದರೆ ಒಂದು ಸೆಂಟಿಮೀಟರಿಗೆ ಸುಮಾರು 425 ಕಿ.ಮೀ. ದಾರ ಏಳು ಸೆಂಟಿಮೀಟರಿಗೆ ಕೂದಲೆಳೆಯಷ್ಟು ಕಡಿಮೆ ಬರುತ್ತದೆ.

ಆಮೇಲೆ ಲೆಕ್ಕ. ಉತ್ತರ-ದಕ್ಷಿಣ ಅಂತರ 22.5 ಡಿಗ್ರಿ, ಡಿಗ್ರಿಗೆ 111 ಕಿ.ಮೀ.ನಂತೆ ಸುಮಾರು 2,500. ಪೂರ್ವ-ಪಶ್ಚಿಮ ಅಂತರ 15.2 ಡಿಗ್ರಿ. ಇಲ್ಲಿ ಹುಷಾರಾಗಿರಬೇಕು: ರೇಖಾಂಶಗಳು ಧ್ರುವದ ಕಡೆ ಹೋದಂತೆ ಒತ್ತಟ್ಟಿಗೆ ಬರುತ್ತವೆ. ಎರಡೂ ಊರಿನ ನಡುವಿನ 23ನೇ ಅಕ್ಷಾಂಶದಲ್ಲಿ ಒಂದು ಡಿಗ್ರಿ ಎಂದರೆ 102 ಕಿ.ಮೀ. ಮಾತ್ರ. ಹಾಗಾಗಿ 1,550. ಇನ್ನು ಪೈಥಾಗೊರಸ್ ಪ್ರಮೇಯ ಹಚ್ಚಿದರೆ ಸುಮಾರು 2,940 ಕಿ.ಮೀ. ಗೋಳದ ತ್ರಿಕೋನಮಿತಿಯಿಂದ ಬರುವ ಉತ್ತರಕ್ಕೂ ಇದಕ್ಕೂ ಹತ್ತು ಕಿಲೋಮೀಟರ್ ಕೂಡ ವ್ಯತ್ಯಾಸವಿಲ್ಲ. ಹತ್ತನೇ ತರಗತಿಯ ಗಣಿತ ಇಷ್ಟು ದೂರ ಮುಟ್ಟುತ್ತದೆ ಎಂಬುದು ನನಗೆ ಪ್ರತಿ ಸಲವೂ ಖುಷಿ ಕೊಡುವ ಸಂಗತಿ.

ತಾಸಿಗೆ 800 ಕಿ.ಮೀ. ಎಂದರೆ 3 ತಾಸು 40 ನಿಮಿಷ. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: "ಸರ್, ಈ ಲೆಕ್ಕದಾಗ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಅರ್ಧಾ ತಾಸೂ ಬ್ಯಾಡಲ್ರಿ. ಮತ್ತ ಟಿಕೆಟ್ಟಿನ್ಯಾಗ ತಾಸಿನ ಮ್ಯಾಲ ಯಾಕ ಐತ್ರಿ?" ಒಳ್ಳೆಯ ಪ್ರಶ್ನೆ. ಆ ದೂರ ಆಕಾಶದಲ್ಲಿ ಸುಮಾರು 370 ಕಿ.ಮೀ. ಆದರೆ ನೆಲದ ಮೇಲೆ ರನ್‌ವೇವರೆಗಿನ ಓಡಾಟ, ಏರುವುದು, ಇಳಿಯುವ ದಿಕ್ಕಿಗೆ ತಿರುಗುವುದು, ಎಲ್ಲವೂ ಟಿಕೆಟ್ಟಿನ ಸಮಯದಲ್ಲಿ ಸೇರಿರುತ್ತದೆ. ರೆಕ್ಕೆಗೆ ಫ್ಯಾನು ಇರುವ ಎಟಿಆರ್ ವಿಮಾನವಾದರೆ ವೇಗವೇ ತಾಸಿಗೆ 500ರ ಆಸುಪಾಸು. ಅಂದಿನಿಂದ ಜೆಟ್ ಲೆಕ್ಕಕ್ಕೆ ಅರ್ಧ ತಾಸು ಕೂಡಿಸುತ್ತೇವೆ. ಲೇಹ್–ಪೋರ್ಟ್ ಬ್ಲೇರ್ ನಾಲ್ಕು ತಾಸು ಚಿಲ್ಲರೆ ಆಯಿತು.

ಇದು ನೇರ ವಿಮಾನ ಇದ್ದಿದ್ದರೆ ಎಂಬ ಮಾತು. ಲೇಹ್ ನಿಲ್ದಾಣ ಇರುವುದು ಸುಮಾರು 3,250 ಮೀಟರ್ ಎತ್ತರದಲ್ಲಿ. ತೆಳು ಗಾಳಿಯಲ್ಲಿ ರೆಕ್ಕೆಗೂ ಎಂಜಿನ್ನಿಗೂ ಬಲ ಕಡಿಮೆ, ಹೆಚ್ಚು ಭಾರ ಹೊರುವಂತಿಲ್ಲ. ಮಧ್ಯಾಹ್ನದ ಮೇಲೆ ಕಣಿವೆಯಲ್ಲಿ ಗಾಳಿ ಜೋರು. ಹೆಚ್ಚಿನ ವಿಮಾನಗಳು ಬೆಳಿಗ್ಗೆಯೇ ಬಂದುಹೋಗುತ್ತವೆ. ದೆಹಲಿ, ಚೆನ್ನೈ ಮೇಲಿಂದ ಹೋದರೆ 3,750 ಕಿ.ಮೀ. ಆಗುತ್ತದೆ, ಕಾಯುವುದೂ ಸೇರಿ ದಿನವೇ ಹೋಗುತ್ತದೆ, ಮುಂದಿನ ವಿಮಾನ ಹೊಂದದಿದ್ದರೆ ರಾತ್ರಿಯೂ. ಗಡಿಯಾರ ಮಾತ್ರ ಬದಲಿಸಬೇಕಿಲ್ಲ. ಎರಡೂ ಕಡೆ ಭಾರತೀಯ ಕಾಲಮಾನವೇ, ಸೂರ್ಯ ನೆತ್ತಿಗೆ ಬರುವುದರಲ್ಲಿ ಒಂದು ತಾಸಿನ ಅಂತರವಿದ್ದರೂ.

ಮನೆಗೆಲಸಕ್ಕೆ ಈಸ್ಟರ್ ದ್ವೀಪದ ಮತಾವೇರಿ ವಿಮಾನ ನಿಲ್ದಾಣದಿಂದ ಚಿಲಿಯ ಸ್ಯಾಂಟಿಯಾಗೊ ಕೊಡುತ್ತೇನೆ. ಅದೂ 3,750 ಕಿ.ಮೀ., ಆದರೆ ಒಂದೇ ಹಾರಾಟ. ಸ್ಯಾಂಟಿಯಾಗೊದಿಂದ ದ್ವೀಪಕ್ಕೆ ಹೋಗಲು ಐದು ತಾಸು ದಾಟುತ್ತದೆ, ಪಶ್ಚಿಮದ ಗಾಳಿ ಬೆನ್ನಿಗೆ ಬೀಳುವುದರಿಂದ ವಾಪಸು ಬರಲು ಅದಕ್ಕಿಂತ ಕಡಿಮೆ ಸಾಕು. ಆ ಎರಡು ಸಮಯದಿಂದ ಗಾಳಿಯ ವೇಗ ಕಂಡುಹಿಡಿದು ತರಬೇಕು.