ಕುದುರೆಮುಖದಲ್ಲಿ ತುದಿ ಬಿಟ್ಟು ಕೂತ ದಿನ

ಕುದುರೆಮುಖಕ್ಕೆ ಮೊದಲ ಸಲ ಹೋದಾಗ ಜೋರು ಮಳೆಗಾಲ. ಚಾರಣ ಶುರುವಾಗುವ ಮುಳ್ಳೋಡಿಯಿಂದ ತುದಿಗೆ ಹೋಗಿ ಬರಲು ಸುಮಾರು 20 ಕಿಲೋಮೀಟರ್ ನಡೆಯಬೇಕು. ರಾತ್ರಿ ಮೇಲೆ ಉಳಿಯುವ ಹಾಗಿಲ್ಲ, ಕತ್ತಲಾಗುವ ಮೊದಲೇ ಇಳಿಯಬೇಕು. ಹಾಗಾಗಿ ಬಸ್ ತಪ್ಪಿಹೋಗುತ್ತೆ ಅನ್ನುವವರ ಹಾಗೆ ನಡೆದೆವು. 1,894 ಮೀಟರ್ ಎತ್ತರದ ತುದಿ ಮುಟ್ಟಿದ್ದೂ ಆಯ್ತು. ಮನೆಗೆ ಬಂದ ಮೇಲೆ ನೆನಪಿದ್ದದ್ದು ಎರಡೇ: ಮುಂದಿನವನ ಶೂ ಮತ್ತು ಇಂಬಳ, ಅಂದರೆ ಜಿಗಣೆ.

ಎರಡನೇ ಸಲ ಅಕ್ಟೋಬರ್‌ನಲ್ಲಿ ಹೋದೆ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಚಾರಣ ನಿಲ್ಲಿಸುತ್ತಾರೆ, ಮಳೆಗಾಲದಲ್ಲಿ ಮಂಜು ಬಿಟ್ಟರೆ ಏನೂ ಕಾಣಲ್ಲ. ಅಕ್ಟೋಬರ್ ನನಗೆ ಸರಿ ಅನಿಸಿತು. ಹುಲ್ಲು ಇನ್ನೂ ಹಸಿರು, ಇಂಬಳ ಸ್ವಲ್ಪ ಕಡಿಮೆ. ಕಡಿಮೆ ಅಂದರೆ ಇಲ್ಲ ಅಂತಲ್ಲ! ಉದ್ದ ಕಾಲುಚೀಲಕ್ಕೆ ಹೊಗೆಸೊಪ್ಪು ನೆನೆಸಿದ ನೀರು ಹಾಕಿ ಒಣಗಿಸಿಕೊಂಡಿದ್ದೆ. ಕಚ್ಚಿದರೆ ಗಾಬರಿಯಾಗಿ ಎಳೆಯಬಾರದು. ತೆಳು ತುದಿಯ ಹತ್ತಿರ ಉಗುರು ತೂರಿಸಿದರೆ ಬಿಟ್ಟುಬಿಡುತ್ತದೆ. ರಕ್ತ ಹೆಪ್ಪುಗಟ್ಟದ ಹಾಗೆ ಏನೋ ಬಿಟ್ಟಿರುತ್ತದಲ್ಲ, ಹಾಗಾಗಿ ಅದು ಬಿದ್ದ ಮೇಲೂ ರಕ್ತ ಸೋರುತ್ತಲೇ ಇರುತ್ತದೆ. ಕೆಲವರು ಡೆಟಾಲ್ ಸುರಿದುಕೊಂಡು ಬರುತ್ತಾರೆ. ಮುಂದಿನ ಹಳ್ಳ ದಾಟುವಾಗ ಅದೆಲ್ಲ ನೀರಿಗೇ ಹೋಗೋದು ಅಲ್ವಾ?

ಈ ಸಲ ತುದಿಯ ಆಸೆ ಬಿಟ್ಟಿದ್ದೆ. ಗೆಳೆಯರು ಮುಂದೆ ಹೋದರು. ನಾನೂ ಗೈಡ್ ಹುಡುಗನೊಬ್ಬನೂ ದಾರಿ ಪಕ್ಕದ ಶೋಲಾ ಕಾಡಿನ ಅಂಚಿನಲ್ಲಿ ಕೂತೆವು. ಗಾಳಿಗೆ ಎದೆ ಒಡ್ಡಿದ ಗುಡ್ಡದ ಮೈಮೇಲೆ ಬರೀ ಹುಲ್ಲು, ನೀರು ಹರಿಯುವ ಮಡಿಕೆಗಳಲ್ಲಿ ಮಾತ್ರ ಗಿಡ್ಡ ಮರಗಳ ದಟ್ಟ ಕಾಡು. ಮೇಯಲು ಹುಲ್ಲು, ಅಡಗಲು ಕಾಡು. ಪ್ರಾಣಿ ಕಾಣುವುದಿದ್ದರೆ ಇವೆರಡೂ ಸೇರುವ ಗೆರೆಯಲ್ಲೇ ಅಂತ ನನ್ನ ಲೆಕ್ಕ.

ಮೊದಲ ಒಂದು ಗಂಟೆ ಏನೂ ಇಲ್ಲ. ಕಾಲು ಜೋಮು ಹಿಡಿಯಿತು. ಅಷ್ಟರಲ್ಲಿ ತಲೆಯ ಮೇಲೆ ಹಣ್ಣಿನ ಸಿಪ್ಪೆ ಬಿತ್ತು. ನೋಡಿದರೆ ಕೆಂದಳಿಲು, ಕೊಂಬೆಯಿಂದ ಬಾಲ ಇಳಿಬಿಟ್ಟುಕೊಂಡು ತಿನ್ನುತ್ತಿದೆ. ನಮ್ಮನ್ನು ಕಂಡಿತ್ತು, ಆದರೂ ಊಟ ಬಿಡಲಿಲ್ಲ.

ಆಮೇಲೆ ಗೈಡ್ ಮೆಲ್ಲಗೆ ನನ್ನ ತೋಳು ಮುಟ್ಟಿದ. "ಸಾರ್, ಎದುರು ಗುಡ್ಡ. ಕಾಟಿ."

ಬೈನಾಕ್ಯುಲರ್ ಹಿಡಿದೆ. ಕಾಟಿ ಅಂದರೆ ಕಾಡುಕೋಣ. ಏಳು ಇದ್ದವು, ಒಂದರ ಹಿಂದೆ ಒಂದು ಕಾಡಿನಿಂದ ಹುಲ್ಲಿಗೆ ಬರುತ್ತಿದ್ದವು. ಕಪ್ಪು ಮೈ, ಮೊಣಕಾಲಿನಿಂದ ಕೆಳಗೆ ಬಿಳಿ ಕಾಲುಚೀಲ. ಮಧ್ಯದಲ್ಲಿ ಒಂದು ಕರು, ಇನ್ನೂ ಕಂದು ಬಣ್ಣ. ಅದು ಹಿಂದೆ ಬಿದ್ದಾಗಲೆಲ್ಲ ತಾಯಿ ನಿಂತು ಕಾಯುತ್ತಿತ್ತು. ಅರ್ಧ ಗಂಟೆ ಮೇದವು. ನಾವು ಉಸಿರೂ ಜಾಸ್ತಿ ಬಿಡಲಿಲ್ಲ. ಅಷ್ಟರಲ್ಲಿ ಮೇಲಿನಿಂದ ಯಾರದೋ ಮೊಬೈಲ್ ಹಾಡು ಕೇಳಿಸಿತು. ದೊಡ್ಡದೊಂದು ಕಾಟಿ ತಲೆ ಎತ್ತಿತು, ಅಷ್ಟೇ. ಏಳೂ ಕಾಡಿನೊಳಗೆ.

ಹಾಡು ನಮ್ಮ ಗೆಳೆಯರದ್ದೇ. ಇಳಿದು ಬಂದವರು "ಏನೋ, ಇಷ್ಟು ಹೊತ್ತು ಸುಮ್ನೆ ಕೂತಿದ್ಯಾ?" ಅಂದರು. ಗೈಡ್ ನನ್ನ ಮುಖ ನೋಡಿ ನಕ್ಕ. ನಾನು ಬಗ್ಗಿ ಕಾಲುಚೀಲ ಬಿಚ್ಚಿದೆ. ಅಷ್ಟು ಹೊಗೆಸೊಪ್ಪು ಹಾಕಿದ್ದರೂ ಒಳಗೆ ಎರಡು ಇಂಬಳ, ಹೊಟ್ಟೆ ತುಂಬಿ ದ್ರಾಕ್ಷಿಯ ಹಾಗಾಗಿದ್ದವು.